ಧರ್ಮದ ಶಾಲೆ, ಊರಿನ ಹಣ

ಧರ್ಮನಿಧಿಯ ಪಾಠಶಾಲೆಯಲ್ಲಿ ಊರಿನ ಸಭೆಗೆ ಎಷ್ಟು ಅಧಿಕಾರವಿರಬೇಕು? ಇಂಗ್ಲೆಂಡಿನಲ್ಲಿ 1902ರ ವಿದ್ಯಾಭ್ಯಾಸದ ಶಾಸನವು ಇದಕ್ಕೆ ಒಂದು ಉತ್ತರವನ್ನು ಕೊಟ್ಟಿತು. ಕಟ್ಟಡವನ್ನೊದಗಿಸುವುದು ಧರ್ಮದರ್ಶಿಗಳ ಪಾಲು. ಉಪಾಧ್ಯಾಯರ ಸಂಬಳವೇ ಮೊದಲಾದ ನಿತ್ಯವೆಚ್ಚವು ಸಾರ್ವಜನಿಕರ ತೆರಿಗೆಯದು. ಆಡಳಿತ ಮಂಡಲಿಯಲ್ಲಿ ಮಾತ್ರ ಧರ್ಮಸಂಸ್ಥೆಗೆ ನಾಲ್ಕು ಸ್ಥಾನ, ಸ್ಥಳೀಯ ಸಭೆಗಳಿಗೆ ಎರಡೇ. ಇಂಥ ಶಾಲೆಗಳಲ್ಲಿ ಬಹುಪಾಲು ಇಂಗ್ಲೆಂಡಿನ ಚರ್ಚಿನವು. ಆ ಚರ್ಚಿಗೆ ಸೇರದ ಸಹಸ್ರಾರು ಕ್ರೈಸ್ತರು ಪರರ ಮತಬೋಧನೆಗೆ ತಾವೇಕೆ ತೆರಬೇಕೆಂದು ಹಠ ಹಿಡಿದರು. ಅವರ ಮನೆಯ ಸಾಮಾನುಗಳು ಜಪ್ತಿಯಾದುವು, ಕೆಲವರು ಸೆರೆಮನೆಯನ್ನೂ ಕಂಡರು.

ಆದರೂ ಬರಿಯ ಸ್ಥಾನಗಳನ್ನು ಎಣಿಸಿದರೆ ಸಾಲದೆಂದು ನಮಗೆ ತೋರುತ್ತದೆ. ಲೌಕಿಕ ವಿದ್ಯೆಯ ವಿಷಯದಲ್ಲಿ ಸಭೆಯ ಆಜ್ಞೆಯನ್ನು ಮಂಡಲಿಯು ನಡೆಸಲೇಬೇಕಾಗಿತ್ತು. ಶಾಲೆಯನ್ನು ತನಿಖೆಮಾಡಲೂ ಲೆಕ್ಕವನ್ನು ನೋಡಲೂ ಸಭೆಗೆ ಹಕ್ಕಿತ್ತು. ಆ ಎರಡು ಕುರ್ಚಿಗಳಿಗಿಂತ ಇದೇ ದೊಡ್ಡದು.

2010ರ ಶಾಸನದ ಬಳಿಕ ಅಲ್ಲಿಯ ಸಾವಿರಾರು ಶಾಲೆಗಳು ‘ಅಕಾಡೆಮಿ’ಗಳೆಂಬ ಹೆಸರಿನಿಂದ ಧರ್ಮಸಂಸ್ಥೆಗಳ ಕೈ ಸೇರಿವೆ, ಹಣವು ಕೇಂದ್ರ ಸರ್ಕಾರದ ಬೊಕ್ಕಸದಿಂದ ಬರುತ್ತದೆ. ಊರಿನ ಮಕ್ಕಳಿಗೆಲ್ಲ ಶಾಲೆಯಲ್ಲಿ ಸ್ಥಳವಿರುವಂತೆ ನೋಡುವ ಹೊಣೆಯಾದರೋ ಸ್ಥಳೀಯ ಸಭೆಯ ಮೇಲೆಯೇ ಉಳಿದಿದೆ. ಲೆಕ್ಕದ ಪುಸ್ತಕವು ಕೈತಪ್ಪಿದ ಮೇಲೆ ಅದು ಆ ಹೊಣೆಯನ್ನು ಹೇಗೆ ಹೊರಬೇಕೋ, ಶಾಸನಕರ್ತರೇ ಹೇಳಬೇಕು.