ಹನಿ ಬೀಳೋ ವಾಲ್ವು, ಬೀಳೋ ಬ್ರೇಕರ್

ಚಳಿ ಶುರುವಾಯ್ತು, ಬಾತ್‌ರೂಮಿನ ಹೀಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪಾ ಅಂತ ನಮ್ಮ ಹಿರಿಯರು ಕೇಳಿದ್ರು. ಭಾಷಣ ನನಗೆ ಬರೋಲ್ಲ. ಐಟಿಐನಲ್ಲಿ ಕಲಿತದ್ದು, ಇಲ್ಲಿ ದುಬೈ, ಶಾರ್ಜಾದಲ್ಲಿ ಫಾಲ್ಸ್ ಸೀಲಿಂಗ್ ಒಳಗೆ ತಲೆ ತೂರಿಸಿ ಕಂಡದ್ದು, ಅಷ್ಟನ್ನೇ ಹೇಳ್ತೀನಿ.

ಊರಿನ ಬಚ್ಚಲ ಹಂಡೆ ನೆನಪು ಮಾಡ್ಕೊಳ್ಳಿ. ಅದರ ಬಾಯಿ ತೆರೆದಿರುತ್ತೆ, ನೀರು ಎಷ್ಟು ಕುದ್ದರೂ ಹಬೆ ಮೇಲೆ ಹೋಗುತ್ತೆ. ಇಲ್ಲಿಯ ಹೀಟರ್ ಬಾಯಿ ಮುಚ್ಚಿದ ಹಂಡೆ. ನೀರು ಕಾದರೆ ಹಿಗ್ಗುತ್ತೆ. 50 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಬರೋಷ್ಟರಲ್ಲಿ ಸುಮಾರು 700 ಮಿಲಿಲೀಟರ್ ಜಾಸ್ತಿ ಆಗುತ್ತೆ. ತಣ್ಣೀರಿನ ಪೈಪಿನ ನಾನ್ ರಿಟರ್ನ್ ವಾಲ್ವು ಅದನ್ನು ಹಿಂದಕ್ಕೆ ಬಿಡೋಲ್ಲ. ಆಗ ಸೇಫ್ಟಿ ವಾಲ್ವಿನಿಂದ ಹೊರಗೆ ಬರುತ್ತೆ. ನೀರು ಕಾಯುವಾಗ ಹನಿ ಬಿದ್ರೆ ಹೆದರಬೇಡಿ, ಅದು ಆ ವಾಲ್ವಿನ ಕೆಲಸ. ಹೀಟರ್ ಆಫ್ ಇದ್ದಾಗಲೂ ಇಡೀ ದಿನ ಸೋರಿದ್ರೆ ಒಳಗೆ ಕಸ ಸಿಕ್ಕಿರುತ್ತೆ, ಇಲ್ಲಾ ಲೈನಿನ ಒತ್ತಡ ಜಾಸ್ತಿ ಇರುತ್ತೆ. ಆಗ ರಿಪೇರಿ.

ಶಾರ್ಜಾದಲ್ಲಿ ಎಂಟು ಜನರ ಒಂದು ರೂಮಿಗೆ ಹೋಗಿದ್ದೆ. ಬಿಸಿನೀರಿಲ್ಲ ಅಂತ ಕರೆದಿದ್ರು. ನೋಡಿದ್ರೆ ಸೇಫ್ಟಿ ವಾಲ್ವಿನ ಬಾಯಿಗೆ ಮರದ ಬೆಣೆ ಹೊಡೆದು ಟೇಪ್ ಸುತ್ತಿದ್ದಾರೆ! "ಟವೆಲ್ ಮೇಲೆ ಹನಿ ಬೀಳ್ತಿತ್ತು ಅಣ್ಣಾ" ಅಂದ ಒಬ್ಬ ಹುಡುಗ. ಥರ್ಮೋಸ್ಟಾಟಿನ ಕಾಂಟ್ಯಾಕ್ಟ್ ಅಂಟಿಕೊಂಡು, ನೀರು ಎಷ್ಟು ಕಾದರೂ ಕರೆಂಟ್ ಕಡೀತಿರಲಿಲ್ಲ. ಕೊನೆಗೆ ಥರ್ಮಲ್ ಕಟೌಟ್ ಹಾರಿ ಎಲ್ಲರನ್ನೂ ಉಳಿಸಿತ್ತು. ಅವರಲ್ಲೇ ಒಬ್ಬರು, "ಡ್ಯೂಟಿಗೆ ಹೊತ್ತಾಯ್ತು, ಆ ಕಟೌಟಿಗೆ ಒಂದು ವಯರ್ ಹಾಕಿ ಡೈರೆಕ್ಟ್ ಮಾಡ್ಬಿಡಿ" ಅಂದ್ರು. ಹಾಗೆ ಮಾಡಿದ್ರೆ ಏನಾಗುತ್ತೆ ಗೊತ್ತಾ? ಮುಚ್ಚಿದ ಟ್ಯಾಂಕಿನಲ್ಲಿ ನೀರು 100 ಡಿಗ್ರಿ ದಾಟಿದರೂ ಒತ್ತಡಕ್ಕೆ ನೀರಾಗೇ ಇರುತ್ತೆ. ಟ್ಯಾಂಕು ಒಡೆದ ಕ್ಷಣ ಅದೇ ನೀರು ಹಬೆಯಾಗಿ ಸಿಡಿಯುತ್ತೆ. ಅಡಿಯಲ್ಲಿ ಸ್ನಾನ ಮಾಡ್ತಾ ನಿಂತವನ ಗತಿ? ಥರ್ಮೋಸ್ಟಾಟ್, ವಾಲ್ವು ಎರಡೂ ಹೊಸದು ಹಾಕಿ, ವಾಲ್ವಿಗೊಂದು ಸಣ್ಣ ಪೈಪ್ ಸಿಕ್ಕಿಸಿ ನೆಲದ ಜಾಲಿಗೆ ಬಿಟ್ಟೆ. ಟವೆಲ್ಲಿಗೆ ಬೇಕಾಗಿದ್ದದ್ದು ಅಷ್ಟೇ.

ಇನ್ನೊಂದು, ಹೀಟರ್ ಹಾಕಿದ ಕೂಡಲೇ ಡಿಬಿಯಲ್ಲಿ ಈಎಲ್‌ಸಿಬಿ ಬೀಳೋದು. ಹೆಚ್ಚಾಗಿ ಎಲಿಮೆಂಟಿನ ಕವಚ ಬಿರಿದು ಕರೆಂಟ್ ನೀರಿಗೆ ಸೋರ್ತಿರುತ್ತೆ. 30 ಮಿಲಿ ಆಂಪಿಯರ್ ಸೋರೋದರೊಳಗೆ ಲೈನ್ ಕಡಿಯೋಕೇ ಅದನ್ನು ಇಟ್ಟಿರೋದು. ಅದನ್ನು ಬೈಪಾಸ್ ಮಾಡಿ ಅಂತ ಯಾರೇ ಹೇಳಲಿ, ಒಪ್ಪಬೇಡಿ.

ಕೆಲಸ ಗೊತ್ತಿರೋರು ಹೀಗೆ ನೋಡಿ. ಡಿಬಿಯಲ್ಲಿ ಆಫ್ ಮಾಡಿ, ಕರೆಂಟ್ ಇಲ್ಲ ಅಂತ ಮೀಟರಿನಲ್ಲಿ ಖಾತ್ರಿ ಮಾಡ್ಕೊಂಡು, ಎಲಿಮೆಂಟಿನ ಎರಡೂ ವಯರ್ ಬಿಚ್ಚಿ. 230 ವೋಲ್ಟಿನ 1500 ವ್ಯಾಟ್ ಎಲಿಮೆಂಟ್ ಸುಮಾರು 35 ಓಮ್ ತೋರಿಸಬೇಕು, 1200 ವ್ಯಾಟಿನದು 44. ಏನೂ ತೋರಿಸದಿದ್ರೆ ಸುಟ್ಟಿದೆ. ತುದಿಗೂ ಟ್ಯಾಂಕಿನ ಬಾಡಿಗೂ ನಡುವೆ ರೀಡಿಂಗ್ ಬಂದ್ರೆ ಸೋರಿಕೆ. ಮಾಮೂಲಿ ಮೀಟರಿಗೆ ಸಿಗದ್ದು ಮೆಗ್ಗರ್‌ಗೆ ಸಿಗುತ್ತೆ. ಹೊಸ ಎಲಿಮೆಂಟ್ ಹಾಕಿದ ಮೇಲೆ ಬಿಸಿನೀರಿನ ನಲ್ಲಿ ತೆರೆದು, ಗಾಳಿ ಹೋಗಿ ನೀರು ಒಂದೇ ಸಮ ಬಂದ ಮೇಲೇ ಸ್ವಿಚ್ ಹಾಕಿ. ಒಣ ಟ್ಯಾಂಕಿನಲ್ಲಿ ಎಲಿಮೆಂಟ್ ನಿಮಿಷಗಳಲ್ಲಿ ಹೋಗುತ್ತೆ. ಬಿಚ್ಚಿದಾಗಲೇ ಮೆಗ್ನೀಸಿಯಂ ರಾಡ್ ನೋಡಿ. ತುಕ್ಕು ಟ್ಯಾಂಕನ್ನು ತಿನ್ನೋ ಬದಲು ಅದನ್ನು ತಿನ್ನುತ್ತೆ. ಸವೆದು ಕಡ್ಡಿಯಾಗಿದ್ರೆ ಬದಲಾಯಿಸಿ.

ಕೆಲಸ ಗೊತ್ತಿಲ್ಲದೋರು ಬ್ರೇಕರ್ ಆಫ್ ಮಾಡಿ ಕ್ಯಾಂಪ್ ಬಾಸ್‌ಗೆ ತಿಳಿಸಿ. ಬರೀ "ಹೀಟರ್ ಕೆಟ್ಟಿದೆ" ಅಂದ್ರೆ ವಾರ ಕಳೆಯುತ್ತೆ. "ಹೀಟರಿನಿಂದ ಕರೆಂಟ್ ಲೀಕ್ ಆಗ್ತಿದೆ, ಈಎಲ್‌ಸಿಬಿ ಬೀಳ್ತಿದೆ" ಅಂತ ಫೋಟೋ ಸಮೇತ ಮೆಸೇಜ್ ಹಾಕಿ. ಮೆಸೇಜ್ ದಾಖಲೆಯಾಗಿ ಉಳಿಯುತ್ತೆ, ಆಮೇಲೆ ಯಾರೂ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ.

ಪ್ರಶ್ನೆ ಇದ್ರೆ ಕೇಳಿ. ಒಂದು ಹಳೇ ಎಲಿಮೆಂಟು, ಮೀಟರು ತಂದಿದ್ದೀನಿ. ಮುಂದೆ ಬನ್ನಿ, ಹಿಡಿದು ನೋಡಿ.