ಹನ್ನೆರಡು ಪಟ್ಟಣಗಳ ಬಂಡಾಯ



ಗ್ರೀಕರ ಇತಿಹಾಸವೆಂದೊಡನೆ ಮ್ಯಾರಥಾನಿನ ಬಯಲೂ ಥರ್ಮೋಪಿಲೆಯ ಕಣಿವೆಯೂ ನಮ್ಮ ನೆನಪಿಗೆ ಬರುವವು. ಗೆದ್ದವರ ಕಥೆಯನ್ನೂ ವೀರಮರಣವನ್ನು ಹೊಂದಿದವರ ಕಥೆಯನ್ನೂ ಶಾಲೆಯ ಹುಡುಗರು ಕೂಡ ಬಲ್ಲರು. ಇವೆರಡಕ್ಕೂ ಮೊದಲು ಏಶಿಯದ ಪಡುಗಡಲ ಕರೆಯ ಗ್ರೀಕರು ಪಾರಸಿಕ ಚಕ್ರವರ್ತಿಯೊಡನೆ ಕಾದಾಡಿ ಸೋತ ಕಥೆಯನ್ನು ಮಾತ್ರ ಬಲ್ಲವರು ಕಡಿಮೆ. ಕ್ರಿ. ಪೂ. ೪೯೯ರಿಂದ ೪೯೩ರ ವರೆಗೆ ನಡೆದ ಆ ಬಂಡಾಯವನ್ನೇ ಈ ಹೊತ್ತು ತಮ್ಮ ಮುಂದೆ ವಿವರಿಸಬೇಕೆಂದಿರುವೆನು.

ಈ ಜನರು ನಮಗೆ ತೀರ ಅಪರಿಚಿತರಲ್ಲ. ಅವರ ನಾಡಿನ ಹೆಸರು ಅಯೋನಿಯ. ಪಾರಸಿಕರು ತಮ್ಮ ಶಿಲಾಶಾಸನಗಳಲ್ಲಿ ಅವರನ್ನು ‘ಯೌನ’ರೆಂದು ಕರೆದರು, ನಾವು ಬಳಸುವ ‘ಯವನ’ ಶಬ್ದವೂ ಈ ಹೆಸರಿನಿಂದಲೇ ಬಂದುದು. ಡೇರಿಯಸನ ಶಾಸನಗಳಲ್ಲಿ ಯೌನರ ಜೊತೆಗೆ ಗಂಧಾರ, ಸಿಂಧೂ ದೇಶಗಳ ಹೆಸರೂ ಉಂಟು. ಹೆರೊಡೋಟಸನು ಕೊಟ್ಟ ಲೆಕ್ಕದಂತೆ ಯವನರೂ ಅವರ ನೆರೆಯವರೂ ಸೇರಿದ ಪ್ರಾಂತವು ವರ್ಷಕ್ಕೆ ೪೦೦ ಟ್ಯಾಲೆಂಟ್ ಬೆಳ್ಳಿಯನ್ನೂ, ಸಿಂಧೂ ಪ್ರಾಂತವು ೩೬೦ ಟ್ಯಾಲೆಂಟ್ ಬಂಗಾರದ ಪುಡಿಯನ್ನೂ ಒಬ್ಬನೇ ದೊರೆಗೆ ಕಪ್ಪವಾಗಿ ಒಪ್ಪಿಸುತ್ತಿದ್ದವು.

ಅಯೋನಿಯದಲ್ಲಿ ಹನ್ನೆರಡು ಮುಖ್ಯ ಪಟ್ಟಣಗಳು. ಮಿಲೇಟಸ್, ಎಫೆಸಸ್, ಟಿಯೋಸ್, ಫೋಸಿಯ ಮೊದಲಾದವು ದೊಡ್ಡ ನೆಲದ ಮೇಲಿನವು. ಸೇಮೋಸ್, ಕಿಯೋಸ್ ಎಂಬವು ದ್ವೀಪಗಳು. ಅವರ ದೇವರು ಒಂದೇ, ನುಡಿಯೂ ಒಂದೇ. ಆದರೆ ಆ ಒಂದು ನುಡಿಯನ್ನು ಅವರು ನಾಲ್ಕು ಬಗೆಯಾಗಿ ಆಡುತ್ತಿದ್ದರೆಂದು ಹೆರೊಡೋಟಸನು ಹೇಳುತ್ತಾನೆ. ಇದನ್ನು ಕೇಳಿ ಸಭೆಯಲ್ಲಿ ಕೆಲವರು ಮುಗುಳುನಗುತ್ತಿರುವಿರಿ. ಕಾರಣವನ್ನು ನಾನು ಹೇಳಬೇಕಾಗಿಲ್ಲ. ಮಿಕಾಲೆ ಗುಡ್ಡದ ಬದಿಯಲ್ಲಿ ಪಾನಿಯೋನಿಯನ್ ಎಂಬ ಪುಣ್ಯಸ್ಥಳವಿತ್ತು. ಅಲ್ಲಿ ಹನ್ನೆರಡು ಪಟ್ಟಣದವರೂ ಕೂಡಿ ಸಮುದ್ರದೇವನಿಗೆ ಹಬ್ಬ ಮಾಡುವರು, ಸಂಕಟ ಬಂದಾಗ ಆಲೋಚನೆ ಮಾಡುವರು, ಬಳಿಕ ತಂತಮ್ಮ ಊರಿಗೆ ಹೋಗಿ ತಮಗೆ ತೋರಿದಂತೆ ನಡೆಯುವರು. ಆ ಸಭೆಯ ನಿರ್ಣಯಕ್ಕೆ ಪಟ್ಟಣಗಳನ್ನು ಕಟ್ಟಿಹಾಕುವ ಅಧಿಕಾರವಿರಲಿಲ್ಲ.

ಈ ಕೊರತೆಯನ್ನು ಕಂಡವನು ಇಲ್ಲದಿರಲಿಲ್ಲ. ಗ್ರೀಕ ತತ್ತ್ವಜ್ಞಾನದ ಮೂಲಪುರುಷನೆನಿಸಿದ ಮಿಲೇಟಸಿನ ಥೇಲೀಸನು, ಪಾರಸಿಕರು ಬರುವದಕ್ಕೆ ಮೊದಲೇ ಒಂದು ಹಿತವನ್ನು ನುಡಿದಿದ್ದನು: ನಾಡಿನ ನಟ್ಟನಡುವೆ ಇರುವ ಟಿಯೋಸಿನಲ್ಲಿ ಎಲ್ಲರಿಗೂ ಕೂಡಿ ಒಂದೇ ರಾಜ್ಯಸಭೆ ಇರಲಿ, ಉಳಿದ ಪಟ್ಟಣಗಳು ಇದ್ದಲ್ಲಿಯೇ ಇದ್ದು, ಒಂದು ರಾಜ್ಯದೊಳಗಿನ ಊರುಗಳಂತೆ ನಡೆಯಲಿ. ಯಾರೂ ಮನೆಮಾರು ಬಿಡಬೇಕಾಗಿರಲಿಲ್ಲ, ಯಾವ ಗುಡಿಯ ಪೂಜೆಯೂ ನಿಲ್ಲಬೇಕಾಗಿರಲಿಲ್ಲ. ಆದರೂ ಆ ಮಾತು ನಡೆಯಲಿಲ್ಲ. ಕ್ರಿ. ಪೂ. ೫೪೬ರ ಸುಮಾರಿಗೆ ಸೈರಸನು ಲಿಡಿಯ ರಾಜ್ಯವನ್ನು ಗೆದ್ದ ಬಳಿಕ ಅವನ ಸೇನಾಪತಿ ಹಾರ್ಪಾಗಸನು ಈ ಪಟ್ಟಣಗಳನ್ನು ಒಂದೊಂದಾಗಿ ಹಿಡಿದನು. ಮಿಲೇಟಸು ಸೈರಸನೊಡನೆ ತನ್ನದೇ ಒಂದು ಒಪ್ಪಂದ ಮಾಡಿಕೊಂಡು ಉಳಿದವರ ಪಾಡನ್ನು ನೋಡುತ್ತ ಕುಳಿತಿತು.

ಇನ್ನು ಬಂಡಾಯದ ಕಾರಣ. ಹೆರೊಡೋಟಸನನ್ನು ಕೇಳಿದರೆ ಎಲ್ಲಕ್ಕೂ ಮಿಲೇಟಸಿನ ಪ್ರಭುವಾದ ಅರಿಸ್ಟಾಗೊರಸನ ಸ್ವಾರ್ಥವೇ ಮೂಲ. ನಕ್ಸೋಸ್ ದ್ವೀಪವನ್ನು ಗೆದ್ದುಕೊಡುವೆನೆಂದು ಅವನು ಸಾರ್ಡಿಸಿನ ಕ್ಷತ್ರಪನಾದ ಅರ್ಟಫರ್ನೀಸನಿಂದ ೨೦೦ ಹಡಗುಗಳನ್ನು ಪಡೆದನು. ನಾಲ್ಕು ತಿಂಗಳು ಮುತ್ತಿಗೆ ಹಾಕಿ ಬರಿಗೈಯಿಂದ ತಿರುಗಿದನು. ಪದವಿ ಹೋಗುವ ಭಯದಿಂದ ಬಂಡೆದ್ದನು. ಇದು ಸುಳ್ಳಲ್ಲ. ಆದರೆ ಒಣಗಿದ ಹುಲ್ಲು ಇಲ್ಲದಿದ್ದರೆ ಕಿಡಿಯೊಂದು ಮಾಡುವದೇನು? ಪಾರಸಿಕರು ಪ್ರತಿಯೊಂದು ಪಟ್ಟಣದಲ್ಲಿ ತಮ್ಮ ಕಡೆಯ ಒಬ್ಬೊಬ್ಬ ನಿರಂಕುಶ ಪ್ರಭುವನ್ನು ನಿಲ್ಲಿಸಿ ಅವನ ಕೈಯಿಂದ ಆಳುತ್ತಿದ್ದರು. ಡೇರಿಯಸನು ಸಿಥಿಯನರ ಮೇಲೆ ದಂಡೆತ್ತಿ ಹೋದಾಗ ಡಾನ್ಯೂಬಿನ ಸೇತುವೆಯನ್ನು ಕಾದಿದ್ದ ಈ ಪ್ರಭುಗಳಿಗೆ, ಅದನ್ನು ಮುರಿದು ನಾಡನ್ನು ಬಿಡಿಸಿಕೊಳ್ಳುವ ಸಂಧಿ ಸಿಕ್ಕಿತ್ತು. ಚಕ್ರವರ್ತಿ ಅಳಿದರೆ ನಮ್ಮ ಪಟ್ಟಣಗಳು ನಮ್ಮನ್ನು ಒಂದು ದಿನವೂ ಇಟ್ಟುಕೊಳ್ಳವೆಂದು ಮಿಲೇಟಸಿನ ಹಿಸ್ಟಿಯೇಯಸನು ಎಚ್ಚರಿಸಿದನು. ಸೇತುವೆ ಉಳಿಯಿತು. ಅವನ ಅಳಿಯನೇ ಈ ಅರಿಸ್ಟಾಗೊರಸನು. ಇವನು ಪ್ರಭುತ್ವವನ್ನು ತ್ಯಜಿಸಿದೆನೆಂದು ಸಾರಿ, ಉಳಿದ ಪ್ರಭುಗಳನ್ನು ಹಿಡಿದು ಅವರವರ ಜನರಿಗೆ ಒಪ್ಪಿಸಿದ ಕೂಡಲೆ ನಾಡೆಲ್ಲ ಎದ್ದು ನಿಂತಿತು. ಒಬ್ಬನ ಸ್ವಾರ್ಥಕ್ಕೆ ಅಷ್ಟು ಜನರನ್ನು ಎಬ್ಬಿಸುವ ಶಕ್ತಿ ಎಲ್ಲಿಂದ ಬರಬೇಕು?

ಮಿಲೇಟಸಿನ ಗುಪ್ತಾಲೋಚನೆಯಲ್ಲಿ ಇತಿಹಾಸಕಾರ ಹೆಕಟೇಯಸನೊಬ್ಬನು ಮಾತ್ರ ಬೇಡವೆಂದನು. ಡೇರಿಯಸನ ಕೈಕೆಳಗಿನ ಜನಾಂಗಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದನು. ಕೇಳದಿರಲು, ಹಾಗಾದರೆ ಬ್ರಾಂಖಿಡೆಯ ದೇವಾಲಯದಲ್ಲಿ ಕ್ರೀಸಸನು ಅರ್ಪಿಸಿದ ನಿಧಿಯನ್ನು ತೆಗೆದು ಹಡಗು ಕಟ್ಟಿರಿ, ಕಡಲನ್ನಾದರೂ ಹಿಡಿಯಿರಿ ಎಂದನು. ದೇವರ ಸೊತ್ತನ್ನು ಮುಟ್ಟಬಾರದೆಂದು ಅದನ್ನೂ ಬಿಟ್ಟರು. ಮಿಲೇಟಸು ಬಿದ್ದಾಗ ಆ ನಿಧಿ ಪಾರಸಿಕರ ಪಾಲಾಯಿತು.

ಅರಿಸ್ಟಾಗೊರಸನು ಸಹಾಯ ಬೇಡಲು ಸ್ಪಾರ್ಟಕ್ಕೆ ಹೋದನು. ಕಡಲಿನಿಂದ ಚಕ್ರವರ್ತಿಯ ರಾಜಧಾನಿಗೆ ಮೂರು ತಿಂಗಳ ದಾರಿಯೆಂದು ಕೇಳಿದೊಡನೆ ದೊರೆ ಕ್ಲಿಯೋಮಿನೀಸನು ಅವನನ್ನು ಹೊರಡಿಸಿದನು. ಅಥೆನ್ಸಿನವರು ೨೦ ಹಡಗುಗಳನ್ನೂ ಎರೆಟ್ರಿಯದವರು ೫ನ್ನೂ ಕೊಟ್ಟರು. ೪೯೮ರಲ್ಲಿ ಎಲ್ಲರೂ ಸೇರಿ ಸಾರ್ಡಿಸಿಗೆ ನುಗ್ಗಿದರು. ಒಬ್ಬ ಸಿಪಾಯಿ ಒಂದು ಮನೆಗೆ ಹಚ್ಚಿದ ಬೆಂಕಿ, ಆಪಿನ ಮನೆಗಳೇ ತುಂಬಿದ್ದ ಪಟ್ಟಣವನ್ನೆಲ್ಲ ಸುಟ್ಟಿತು; ಸಿಬೆಲೆ ದೇವಿಯ ಗುಡಿಯೂ ಉರಿದುಹೋಯಿತು. ತಿರುಗಿ ಬರುವಾಗ ಎಫೆಸಸಿನ ಬಳಿ ಸೋಲಾಯಿತು. ಅಥೆನ್ಸಿನವರು ಹಡಗು ಹತ್ತಿ ಹೋದವರು ಮತ್ತೆ ಬರಲಿಲ್ಲ. ಆದರೂ ಬೈಜಾಂಟಿಯಮ್, ಕೇರಿಯ, ಸೈಪ್ರಸ್‌ಗಳ ವರೆಗೆ ಬಂಡಾಯ ಹಬ್ಬಿತು. ಸೈಪ್ರಸು ಒಂದು ವರ್ಷ ಸ್ವತಂತ್ರವಾಗಿದ್ದು ಮತ್ತೆ ಸಿಕ್ಕಿಬಿದ್ದಿತು. ಅರಿಸ್ಟಾಗೊರಸನೋ ಥ್ರೇಸಿಗೆ ಓಡಿಹೋಗಿ ಅಲ್ಲಿಯವರ ಕೈಯಲ್ಲಿ ಸತ್ತನು.

೪೯೪ರಲ್ಲಿ ಪಾರಸಿಕರು ೬೦೦ ಹಡಗುಗಳೊಡನೆ ಮಿಲೇಟಸಿನ ಮೇಲೆ ಬಂದರು. ಲಾಡೆ ಎಂಬ ನಡುಗಡ್ಡೆಯ ಬಳಿ ಯವನರ ೩೫೩ ಹಡಗುಗಳು ನೆರೆದವು: ಕಿಯೋಸಿನವು ೧೦೦, ಮಿಲೇಟಸಿನವು ೮೦, ನೆರೆಯ ಲೆಸ್ಬೋಸಿನವು ೭೦, ಸೇಮೋಸಿನವು ೬೦, ಉಳಿದವು ಸಣ್ಣ ಊರುಗಳವು. ಫೋಸಿಯದವು ಮೂರೇ. ಎಫೆಸಸಿನದು ಒಂದೂ ಇಲ್ಲ. ಆ ಮೂರು ಹಡಗುಗಳ ನಾಯಕನಾದ ಡಯೊನೀಸಿಯಸನು ನೌಕಾಯುದ್ಧದ ಮರ್ಮವನ್ನು ಬಲ್ಲವನಾದ ಕಾರಣ ಎಲ್ಲರೂ ತಮ್ಮನ್ನು ಅವನಿಗೆ ಒಪ್ಪಿಸಿದರು. ಏಳು ದಿನ ಹುಟ್ಟು ಹಾಕುವದನ್ನೂ ಸಾಲು ಭೇದಿಸುವದನ್ನೂ ಕಲಿಸಿದನು. ಎಂಟನೆಯ ದಿನ ಗೊಣಗಾಟ ಮೊದಲಾಯಿತು. ಮೂರು ಹಡಗು ತಂದವನು ನಮ್ಮನ್ನು ಬಿಸಿಲಲ್ಲಿ ದುಡಿಸುವದೇ? ಇದಕ್ಕಿಂತ ದಾಸ್ಯವೇನು ಕಷ್ಟ? ಹೀಗೆಂದು ನಡುಗಡ್ಡೆಯಲ್ಲಿ ಡೇರೆ ಹೊಡೆದು ನೆರಳಲ್ಲಿ ಮಲಗಿದರು. ಮೂರು ಹಡಗಿನವನಿಗೆ ಆಜ್ಞೆ ಮಾಡುವ ಅಧಿಕಾರವನ್ನು ಕೊಟ್ಟವರು ಅವರೇ, ಹಿಂತೆಗೆದುಕೊಂಡವರೂ ಅವರೇ. ಟಿಯೋಸಿನಲ್ಲಿ ಥೇಲೀಸನು ಬಯಸಿದಂಥ ಸಭೆಯೊಂದಿದ್ದರೆ ಸೇನಾಪತಿಯ ಮಾತು ಹಡಗಿನ ಲೆಕ್ಕದಿಂದ ತೂಗಲ್ಪಡುತ್ತಿರಲಿಲ್ಲ.

ಈ ಅವ್ಯವಸ್ಥೆಯನ್ನು ಕಂಡ ಸೇಮೋಸಿನ ನಾಯಕರು, ತಾವು ಹೊರಗೆ ಹಾಕಿದ್ದ ಪ್ರಭುವಿನ ಮುಖಾಂತರ ಶತ್ರುವಿನೊಡನೆ ಗುಟ್ಟಾಗಿ ಮಾತು ಮುಗಿಸಿದರು. ಯುದ್ಧ ತೊಡಗಿದೊಡನೆ ಅವರ ೬೦ ಹಡಗುಗಳಲ್ಲಿ ೪೯ ಹಾಯಿ ಎತ್ತಿ ಊರಿನ ದಾರಿ ಹಿಡಿದವು. ಅದನ್ನು ನೋಡಿ ಲೆಸ್ಬೋಸಿನವರೂ ಹೋದರು. ಉಳಿದು ಕಾದಿದ ೧೧ ಹಡಗುಗಳ ನಾಯಕರ ಹೆಸರನ್ನು ಮುಂದೆ ಸೇಮೋಸಿನವರೇ ಪೇಟೆಯಲ್ಲಿ ಕಂಬ ನಿಲ್ಲಿಸಿ ಕೆತ್ತಿಸಿದರು. ಕಿಯೋಸಿನವರು ಶತ್ರುಗಳ ಸಾಲನ್ನು ಒಡೆದು ಹಲವು ಹಡಗುಗಳನ್ನು ಹಿಡಿದು, ತಮ್ಮವನ್ನು ಬಹುಪಾಲು ಕಳೆದುಕೊಂಡರು. ಅವರಲ್ಲಿ ಒಡಕು ಹಡಗಿನವರು ಮಿಕಾಲೆಯ ಕರೆಗೆ ಹತ್ತಿ ನಡೆಯುತ್ತ ರಾತ್ರಿಯಲ್ಲಿ ಎಫೆಸಸಿನ ಸೀಮೆಯನ್ನು ಸೇರಿದರು. ಅಲ್ಲಿ ಹೆಂಗಸರ ಹಬ್ಬ ನಡೆದಿತ್ತು. ಹೆಂಗಸರನ್ನು ಕದಿಯಲು ಬಂದ ಕಳ್ಳರಿವರೆಂದು ತಿಳಿದು ಎಫೆಸಸಿನವರು ಹೊರಬಂದು ಅವರನ್ನು ಕೊಂದರು. ಇಡೀ ಯುದ್ಧದಲ್ಲಿ ಇದಕ್ಕಿಂತ ನೋಯಿಸುವ ಸಂಗತಿಯನ್ನು ನಾನು ಓದಿಲ್ಲ.

ಮಿಲೇಟಸು ಬಿದ್ದಿತು. ಗಂಡಸರಲ್ಲಿ ಬಹುಮಂದಿ ಹತರಾದರು. ಹೆಂಗಸರೂ ಮಕ್ಕಳೂ ದಾಸರಾದರು. ಸೆರೆಸಿಕ್ಕವರನ್ನು ಡೇರಿಯಸನು ಟೈಗ್ರಿಸ್ ನದಿಯ ಮುಖದ ಬಳಿ ಆಂಪೆ ಎಂಬಲ್ಲಿ ನೆಲೆಗೊಳಿಸಿದನು. ಅಥೆನ್ಸಿನಲ್ಲಿ ಫ್ರಿನಿಕಸನು ಈ ಪತನವನ್ನು ನಾಟಕವಾಗಿ ಆಡಿಸಿದಾಗ ಪ್ರೇಕ್ಷಕರೆಲ್ಲ ಅತ್ತರು; ಅತ್ತವರೇ ಸ್ವಜನರ ದುಃಖವನ್ನು ನೆನಪಿಸಿದನೆಂದು ಅವನಿಗೆ ೧,೦೦೦ ದ್ರಾಖ್ಮೆ ದಂಡ ಹಾಕಿ, ನಾಟಕವನ್ನು ಮತ್ತೆ ಆಡಬಾರದೆಂದು ತಡೆದರು. ಹಡಗುಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಅವರ ಮನಸ್ಸನ್ನು ಚುಚ್ಚುತ್ತಿದ್ದಿರಬೇಕು.

ಆದರೂ ಬಂಡಾಯ ತೀರ ವ್ಯರ್ಥವಾಗಲಿಲ್ಲ. ಅರ್ಟಫರ್ನೀಸನು ಭೂಮಿಯನ್ನು ಅಳೆಯಿಸಿ ಕಪ್ಪವನ್ನು ನಿಶ್ಚಯಿಸಿದನು. ಅದು ಹಿಂದಿನದಕ್ಕಿಂತ ಬಹಳ ಹೆಚ್ಚಾಗಲಿಲ್ಲ. ಪಟ್ಟಣಗಳೊಳಗಿನ ವ್ಯಾಜ್ಯಗಳನ್ನು ಲೂಟಿಯಿಂದಲ್ಲ, ನ್ಯಾಯದಿಂದ ತೀರಿಸಿಕೊಳ್ಳಬೇಕೆಂದು ಅವರಿಂದ ಒಪ್ಪಂದ ಮಾಡಿಸಿದನು. ತಮ್ಮ ಪಾನಿಯೋನಿಯನ್ನಿನಲ್ಲಿ ತಾವೇ ಮಾಡಿಕೊಳ್ಳದ ಒಪ್ಪಂದವನ್ನು ಅವರು ಪರರಾಜನ ಆಜ್ಞೆಯಿಂದ ಮಾಡಿಕೊಂಡರು. ೪೯೨ರಲ್ಲಿ ಮಾರ್ಡೋನಿಯಸನು ಬಂದು ಹೆಚ್ಚಿನ ಪಟ್ಟಣಗಳಲ್ಲಿ ಪ್ರಭುಗಳನ್ನು ಇಳಿಸಿ ಪ್ರಜಾಸತ್ತೆಯನ್ನು ನಿಲ್ಲಿಸಿದನು. ಬಂಡಾಯಕ್ಕೆ ಮೂಲ ಯಾವದೆಂಬದನ್ನು ಪಾರಸಿಕರು ಹೆರೊಡೋಟಸನಿಗಿಂತ ಚೆನ್ನಾಗಿ ಅರಿತಿದ್ದರೆಂದು ನನ್ನ ಮತ. ಸಾರ್ಡಿಸಿನ ಬೆಂಕಿಯ ಸೇಡಿಗಾಗಿ ಅವರು ೪೯೦ರಲ್ಲಿ ಎರೆಟ್ರಿಯವನ್ನು ಸುಟ್ಟು ಮ್ಯಾರಥಾನಿಗೆ ಬಂದದ್ದನ್ನು ತಾವು ಬಲ್ಲಿರಿ.

೪೭೯ರಲ್ಲಿ ಅದೇ ಮಿಕಾಲೆಯ ಕರೆಯಲ್ಲಿ ಪಾರಸಿಕರು ಸೋತಾಗ ಅಯೋನಿಯರು ಎರಡನೆಯ ಸಲ ಎದ್ದರು, ಗೆದ್ದರು, ಅಥೆನ್ಸಿನವರ ಕೂಟವನ್ನು ಸೇರಿದರು. ಕೂಟದ ಬೊಕ್ಕಸ ಮೊದಲು ಡೀಲೋಸಿನಲ್ಲಿತ್ತು. ೪೫೪ರ ಹೊತ್ತಿಗೆ ಅಥೆನ್ಸಿಗೆ ಹೋಯಿತು. ಕಪ್ಪವೂ ಅಲ್ಲಿಗೇ ಹೋಗಹತ್ತಿತು. ೪೪೦ರಲ್ಲಿ ಸೇಮೋಸು ತಿರುಗಿಬೀಳಲು ಪೆರಿಕ್ಲೀಸನು ಮುತ್ತಿಗೆ ಹಾಕಿ ಅದರ ಕೋಟೆಯನ್ನು ಕೆಡವಿಸಿದನು. ಕೊನೆಗೆ ೩೮೬ರಲ್ಲಿ ಗ್ರೀಕರು ತಮ್ಮತಮ್ಮೊಳಗಿನ ಜಗಳದಲ್ಲಿ ಬಳಲಿ ಪಾರಸಿಕ ದೊರೆಯನ್ನೇ ಮಧ್ಯಸ್ಥನನ್ನಾಗಿ ಮಾಡಿಕೊಂಡು, ಏಶಿಯದ ಪಟ್ಟಣಗಳೆಲ್ಲ ಅವನವೇ ಎಂದು ಒಪ್ಪಿದರು. ಆ ಸಂಧಿಯ ಮಾತುಕತೆಯನ್ನು ನಡಿಸಿದವನು ಸ್ಪಾರ್ಟದ ಅಂಟಾಲ್ಕಿಡಸನು. ಅಯೋನಿಯದವರನ್ನು ಯಾರೂ ಕೇಳಲಿಲ್ಲ.