ಹೇಳಿ ಮಾಡಿಸಿದ ಬಿಡಿಭಾಗ



ಯಂತ್ರದ ಭಾಗವೊಂದು ಕೆಟ್ಟಾಗ ಅದರ ಜೊತೆಯದು ಅಂಗಡಿಯಲ್ಲಿ ದೊರೆತರೆ ಚಿಂತೆಯಿಲ್ಲ. ದೊರೆಯದಿದ್ದಾಗ ಲೇತುಳ್ಳ ವರ್ಕ್‌ಷಾಪನ್ನು ಹುಡುಕಿಕೊಂಡು ಹೋಗಿ, ಹೇಳಿ ಮಾಡಿಸಬೇಕು. ಮಾಡುವುದರ ಕಷ್ಟವನ್ನು ಎಲ್ಲರೂ ಬಲ್ಲರು; ಹೇಳುವುದರ ಕಷ್ಟವನ್ನು ನಾನು ಎರಡು ಸಲ ತಪ್ಪಿ ಅರಿತೆನು.

ನಮ್ಮ ಅಡಕೆ ತೋಟದ ಬಾವಿಯ ಪಂಪು ಹಳೆಯ ಮಾದರಿಯದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅದರ ಷಾಫ್ಟನ್ನು ಹಿಡಿದಿರುವ ಗನ್‌ಮೆಟಲ್ ಬುಷ್ ಸವೆದು, ನೀರು ನಿಂತಿತು. ಗನ್‌ಮೆಟಲ್ ಎಂಬುದು ತಾಮ್ರ, ತವರ, ಸತುಗಳ ಮಿಶ್ರಣ. ಉಕ್ಕಿನ ಷಾಫ್ಟಿಗಿಂತ ಮೆದು. ಬೆಲೆಬಾಳುವ ಷಾಫ್ಟು ಉಳಿಯಲೆಂದು ಬುಷ್ಷೇ ಸವೆಯುವಂತೆ ಏರ್ಪಡಿಸಿರುತ್ತಾರೆ. ನಾನು ಸವೆದ ಬುಷ್ಷನ್ನೇ ಕೊಟ್ಟು, “ಇದರಂತೆಯೇ ಇರಲಿ” ಎಂದೆನು. ಅದರಂತೆಯೇ ಆಯಿತು! ಮೊಟ್ಟೆಯಾಕಾರವಾಗಿ ಸವೆದಿದ್ದ ರಂಧ್ರದ ಅಗಲವಾದ ಕಡೆಯನ್ನು ಅಳೆದು, ಆ ಅಳತೆಗೇ ಗುಂಡಗೆ ಕೊರೆದಿದ್ದರು. ಷಾಫ್ಟು ಅದರಲ್ಲಿ ಗಡಗಡನೆ ಅಲ್ಲಾಡಿತು. ತಪ್ಪು ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಸಲ ನಕ್ಷೆ ಬರೆದು, ರಂಧ್ರಕ್ಕೆ 25 ಮಿಲಿಮೀಟರ್ ಎಂದು ನಮೂದಿಸಿದೆನು. ಬುಷ್ಷನ್ನು ಅದರ ಮನೆಯೊಳಗೆ ಒತ್ತಿ ಕೂರಿಸಿದ ಮೇಲೆ ಷಾಫ್ಟು ಒಳಗೆ ಹೋಗಲೇ ಇಲ್ಲ. ಸಸಿಗಳ ಗರಿಗಳು ಅದಾಗಲೇ ಹಳದಿಗೆ ತಿರುಗುತ್ತಿದ್ದುವು.

ಆಗ ಇನ್ನೊಂದು ವರ್ಕ್‌ಷಾಪಿನ ಹಿರಿಯ ಮೇಸ್ತ್ರಿಯವರು, ನಕ್ಷೆಯನ್ನು ಬದಿಗಿಟ್ಟು, “ಇದರೊಳಗೆ ಏನು ತಿರುಗುತ್ತದೆ, ಸ್ವಾಮಿ? ಅದನ್ನು ತನ್ನಿ” ಎಂದರು. ಷಾಫ್ಟನ್ನು ಅಳೆದರೆ 24.97 ಬಂದಿತು. ಎಣ್ಣೆಯ ತೆಳುವಾದ ಪದರವು ನಿಲ್ಲಲು ನಡುವೆ ಒಂದಿಷ್ಟು ಎಡೆ ಬೇಕು. ಇಂಥ ಜೋಡಣೆಗೆ ಇಂಜಿನಿಯರುಗಳು ಒಪ್ಪಿರುವ ಒಂದು ಕ್ರಮದಲ್ಲಿ, ರಂಧ್ರವು 25ಕ್ಕೆ ಕಡಮೆಯಾಗದೆ 25.021ನ್ನು ಮೀರದೆ ಇರತಕ್ಕದ್ದು, ಷಾಫ್ಟು 24.959ಕ್ಕೂ 24.980ಕ್ಕೂ ನಡುವೆ ಇರತಕ್ಕದ್ದು. ಬರಿಯ “25” ಎಂಬ ಬರಹದಲ್ಲಿ ಇದಾವುದೂ ಇಲ್ಲ. ಮೇಲಾಗಿ ಬಿಗಿಯಾಗಿ ಒತ್ತಿ ಕೂರಿಸಿದ ಬುಷ್ಷಿನ ರಂಧ್ರವು ಕೊಂಚ ಕಿರಿದಾಗುತ್ತದೆ. ಆದುದರಿಂದ ಅವರು ರಂಧ್ರವನ್ನು ಸ್ವಲ್ಪ ಸಣ್ಣದಾಗಿಯೇ ಬಿಟ್ಟು, ಕೂರಿಸಿದ ಬಳಿಕ ರೀಮರಿನಿಂದ 25.01ಕ್ಕೆ ತಂದರು.

ಈ ಸೂಕ್ಷ್ಮತೆಯನ್ನು ಎಲ್ಲ ಅಳತೆಗೂ ಕೇಳುವವರುಂಟು. ಅದು ಹಣವನ್ನು ನೀರಿನಂತೆ ಚೆಲ್ಲುವ ದಾರಿ. ಬುಷ್ಷಿನ ಅಂಚಿನ ದಪ್ಪ ಅರ್ಧ ಮಿಲಿಮೀಟರ್ ಹೆಚ್ಚುಕಡಮೆಯಾದರೆ ನಮ್ಮ ಪಂಪಿಗೇನೂ ಬಾಧೆಯಿಲ್ಲವೆಂದು ಮೇಸ್ತ್ರಿಯವರು ನನ್ನಿಂದಲೇ ಹೇಳಿಸಿ ಬರೆದುಕೊಂಡರು.

ಕೆಲಸಕ್ಕೆ ಲೇತನ್ನು ಅಣಿಮಾಡುವ ಹೊತ್ತು ಒಂದಕ್ಕೂ ಎರಡಕ್ಕೂ ಒಂದೇ ಆದುದರಿಂದ, ಎರಡನ್ನು ಮಾಡಿಸಿದೆನು. ಅಂದು ಸಂಜೆ ನೀರು ಕಾಲುವೆಗೆ ಬಂದಿತು. ಎರಡನೆಯ ಬುಷ್ ಪೆಟ್ಟಿಗೆಯಲ್ಲಿದೆ. “ಕೂರಿಸಿದ ಮೇಲೆ ಷಾಫ್ಟನ್ನು ಅಳೆದು ಕೊರೆಯುವುದು” ಎಂಬ ಚೀಟಿಯನ್ನು ಅದಕ್ಕೆ ಕಟ್ಟಿದ್ದೇನೆ.